ಮಹಾಲಿಂಗ ಮಾವನ ನಾನೂರ ಹನ್ನೆರಡು ಗಂಟೆ

ನನ್ನ ಕೆಲಸ ಏನೆಂದು ಅಮ್ಮ ಕೇಳಿದಾಗಲೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಕ್ರಿಸ್‌ಮಸ್ಸಿಗೆ ಮೈಸೂರಿಗೆ ಹೋದಾಗ ನೆಂಟರ ಮುಂದೆ ಅದು 'ಹಸಿರು ಇಂಧನ'. ಬ್ಯಾಂಕಿನ ಫಾರಂನಲ್ಲಿ 'ಡೇಟಾ ಅನಲಿಸ್ಟ್'. ನಿಜವೇನೆಂದರೆ, ಕೊಚ್ಚಿಯ ಕಾಕ್ಕನಾಡ್‌ನಲ್ಲಿ ಎಂಟನೇ ಮಹಡಿಯ ಎ.ಸಿ. ಕೆಳಗೆ ಕೂತು, ಯಾವ ಹೋಟೆಲಿನಿಂದ ಬಾಳೆಹಣ್ಣಿನ ಪಳಂಪೊರಿ ಕರಿದು ಕಪ್ಪಾದ ಎಣ್ಣೆ ಎಷ್ಟು ಲೀಟರ್ ಬಂತು ಎಂದು ಚೌಕಗಳಲ್ಲಿ ತುಂಬುವವನು ನಾನು. ಹೆಸರು ವಿಲ್ಸನ್. ವಯಸ್ಸು ಇಪ್ಪತ್ತೇಳು. ರಸಾಯನಶಾಸ್ತ್ರದಲ್ಲಿ ಪಿಯುಸಿಯ ಐವತ್ತೆಂಟು ಅಂಕ, ಅದೂ ಪಕ್ಕದ ಬೆಂಚಿನವನ ಔದಾರ್ಯದಿಂದ.

ನಮ್ಮ ಕಂಪನಿ ಆ ಕರಿದ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತದೆ. ಪ್ಲಾಂಟು ಇರುವುದು ಏಲೂರಿನಲ್ಲಿ, ಪೆರಿಯಾರ್ ನದಿಯ ಹತ್ತಿರ, ಇನ್ನೂ ನೂರು ಚಿಮಣಿಗಳ ನಡುವೆ. ಹತ್ತು ಲೀಟರ್ ಬಯೋಡೀಸೆಲ್ ತೆಗೆದರೆ ತಳದಲ್ಲಿ ಸುಮಾರು ಒಂದು ಲೀಟರ್ ಗ್ಲಿಸರಿನ್ ಉಳಿಯುತ್ತದೆ. ಸೀದುಹೋದ ಬೆಲ್ಲದ ಪಾಕದ ಹಾಗೆ ಕಂದು, ಅಂಟು. ಅದನ್ನು ಶುದ್ಧ ಮಾಡಿ ಮಾರಿದರೆ ಖರ್ಚೂ ಹುಟ್ಟುವುದಿಲ್ಲ, ಚೆಲ್ಲಲು ಜಾಗವಿಲ್ಲ. ಹಾಗಾಗಿ ತಿರುವನಂತಪುರದ ಒಂದು ಸರಕಾರಿ ಪ್ರಯೋಗಾಲಯದವರು, 'ಆ ಪಾಕವನ್ನು ನಮಗೆ ಕೊಡಿ, ನಾವು ಅದರಿಂದ ಹೈಡ್ರೋಜನ್ ತೆಗೆಯುತ್ತೇವೆ' ಎಂದಾಗ ನಮ್ಮ ಮ್ಯಾನೇಜರ್ ಅಭಿಜಿತ್ ಕುರ್ಚಿಯಿಂದ ಎದ್ದು ಕೈಕುಲುಕಿದರಂತೆ.

ತೆಗೆಯುವ ವಿಧಾನ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಗ್ಲಿಸರಿನ್ನಿಗೆ ನೀರು ಬೆರೆಸಿ ಆವಿ ಮಾಡಿ, ಆರುನೂರು ಡಿಗ್ರಿಗೂ ಮೇಲೆ ಕಾದ ಉಕ್ಕಿನ ಕೊಳವೆಯೊಳಗೆ ಹಾಯಿಸುತ್ತಾರೆ. ಕೊಳವೆಯಲ್ಲಿ ನಿಕ್ಕಲ್ ಹೀರಿಸಿದ ಸಣ್ಣ ಗುಳಿಗೆಗಳಿರುತ್ತವೆ. ಆವಿ ಅವುಗಳ ಮೇಲೆ ಹಾದಾಗ ಒಡೆದು ಹೈಡ್ರೋಜನ್ ಬಿಡುತ್ತದೆ. ಗುಳಿಗೆ ಖರ್ಚಾಗುವುದಿಲ್ಲ, ಕೆಲಸ ಮಾಡಿಸುತ್ತದೆ ಅಷ್ಟೆ. ಶಾಲೆಯಲ್ಲಿ ಇದಕ್ಕೆ ಕ್ರಿಯಾವರ್ಧಕ ಎಂದು ಕಲಿಸಿದ್ದರು. ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಅಂಥವರಿಗೆ ಮ್ಯಾನೇಜರ್ ಎನ್ನುತ್ತಾರೆ.

ಆ ಗುಳಿಗೆಗಳನ್ನು ಮಾಡುತ್ತಿದ್ದವರು ಮಹಾಲಿಂಗ. ಈ ಬರಹ ಅವರದು. ಆದರೂ ಮೂರು ಪ್ಯಾರಾ ನನ್ನ ಬಗ್ಗೆಯೇ ಕೊರೆದಿದ್ದೇನೆ. ಅವರಿಗೆ ನಾನು ಮಾಡಿದ್ದರ ಮುಂದೆ ಇದು ಸಣ್ಣದು.

ಅವರನ್ನು ಮೊದಲು ಕಂಡದ್ದು ಕಳೆದ ವರ್ಷದ ಹಿಂದಿನ ವರ್ಷ, ಮಾರ್ಚಿಯಲ್ಲಿ. ಇಪ್ಪತ್ತು ಲೀಟರಿನ ಎರಡು ಕ್ಯಾನ್ ಗ್ಲಿಸರಿನ್, ಅದರ ವಿವರದ ಶೀಟು, ಇವೆರಡನ್ನೂ ಹೊತ್ತು ಕಂಪನಿಯ ಜೀಪಿನಲ್ಲಿ ಪ್ರಯೋಗಾಲಯಕ್ಕೆ ಹೋಗಿದ್ದೆ. ಯೋಜನೆಯ ಮುಖ್ಯಸ್ಥೆ ಡಾಕ್ಟರ್ ಜಲಜಾ ನನ್ನನ್ನು ಒಂದು ಹಳೆಯ ಕೋಣೆಗೆ ಕಳಿಸಿದರು. ಅಲ್ಲಿ ತೆಳ್ಳಗೆ, ಎತ್ತರವಾಗಿ, ಖಾಕಿ ಕೋಟಿನ ತೋಳು ಮಡಚಿಕೊಂಡಿದ್ದ ಒಬ್ಬರು ಸ್ಟೀಲ್ ಲೋಟದಲ್ಲಿ ಏನನ್ನೋ ಹಾಕಿ ಕಿವಿಯ ಹತ್ತಿರ ಕುಲುಕುತ್ತಿದ್ದರು. ಅಕ್ಕಪಕ್ಕದವರು 'ಲಿಂಗಣ್ಣನ್' ಎಂದು ಕರೆಯುತ್ತಿದ್ದರು. ತಿರುವನಂತಪುರದಲ್ಲಿ ಹಿರಿಯರನ್ನೆಲ್ಲ ಅಣ್ಣನ್ ಎನ್ನುತ್ತಾರೆ ಎಂದು ಗೊತ್ತಿರದ ನಾನು, ಇಲ್ಲೊಬ್ಬ ಲಿಂಗಣ್ಣ ಸಿಕ್ಕರಲ್ಲ ಎಂದು ಖುಷಿಯಲ್ಲಿ ಕನ್ನಡದಲ್ಲೇ ನಮಸ್ಕಾರ ಹೊಡೆದೆ.

ಲೋಟ ಕುಲುಕುವುದು ನಿಂತಿತು. "ಎಂತ? ಕನ್ನಡದವನಾ ನೀನು?"

"ಹೌದು ಸಾರ್. ಮೈಸೂರು."

"ಓ. ಮೈಸೂರಾ. ಹಾಗಾದ್ರೆ ನಾನು ಮಾತಾಡುದು ನಿಂಗೆ ಕನ್ನಡ ಅಂತ ಅನ್ನಿಸ್ಲಿಕ್ಕಿಲ್ಲ," ಎಂದು ನಕ್ಕರು. "ನಂದು ಬದಿಯಡ್ಕ. ಕಾಸರಗೋಡು. ಮತ್ತೆ ಸಾರ್ ಗೀರ್ ಬೇಡ ಮಾರಾಯ. ಸಾರ್ ಆಗ್ಬೇಕಿದ್ರೆ ಇಲ್ಲಿ ಪಿಎಚ್‌ಡಿ ಬೇಕು. ಮಾವ ಅಂತ ಹೇಳು."

ಕ್ಯಾನಿನ ಮುಚ್ಚಳ ತೆರೆದು ಮೂಗು ಹತ್ತಿರ ತಂದರು. "ಇದು ಚಿಪ್ಸಿನ ಅಂಗಡಿದ್ದು." ಎರಡನೆಯದಕ್ಕೆ ಮುಖ ಸಿಂಡರಿಸಿದರು. "ಇದ್ರಲ್ಲಿ ಮತ್ತಿ ಮೀನು ಉಂಟು. ನಾನು ಮೀನು ತಿನ್ನುವವ ಅಲ್ಲ, ಆದ್ರೆ ತಿರುವನಂತಪುರದಲ್ಲಿ ಮೂವತ್ತೈದು ವರ್ಷ ಮೂಗು ಬಿಟ್ಕೊಂಡು ಇದ್ದವ."

ನಾನು ನನ್ನ ಶೀಟು ನೋಡಿದೆ. ಮೊದಲನೆಯದು ಚಿಪ್ಸ್ ತಯಾರಕರದು. ಎರಡನೆಯದು ಕಡಲ ತೀರದ ಹೋಟೆಲುಗಳದು. ಎರಡು ತಿಂಗಳು ಕೂತು ನಾನು ಮಾಡಿದ್ದ ಶೀಟು ಹೇಳಿದ್ದನ್ನು ಅವರ ಮೂಗು ಎರಡು ನಿಮಿಷದಲ್ಲಿ ಹೇಳಿತು.

ಅವರದು ದೊಡ್ಡ ಕಥೆಯೇನಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಐಟಿಐ, ಇಪ್ಪತ್ನಾಲ್ಕನೇ ವಯಸ್ಸಿಗೆ ರಾಜ್ಯದ ಆ ತುದಿಯಿಂದ ಈ ತುದಿಗೆ ಒಂದು ರಾತ್ರಿಯ ರೈಲು. ಟೆಕ್ನೀಷಿಯನ್ ಆಗಿ ಸೇರಿದರು, ಸೀನಿಯರ್ ಟೆಕ್ನೀಷಿಯನ್ ಆಗಿ ನಿವೃತ್ತರಾಗುವವರಿದ್ದರು. ಅಲ್ಯುಮಿನಾದ ಬಿಳಿ ಗುಳಿಗೆಗಳನ್ನು ಹಸಿರು ನಿಕ್ಕಲ್ ದ್ರಾವಣದಲ್ಲಿ ನೆನೆಸುವುದು, ಒಣಗಿಸುವುದು, ಫರ್ನೇಸಿನಲ್ಲಿ ನಿಧಾನವಾಗಿ ಶಾಖ ಏರಿಸಿ ಸುಡುವುದು: ಇಷ್ಟೇ ಅವರ ಕೆಲಸ. ಇಷ್ಟೇ ಎನ್ನುತ್ತೇನೆ, ಆದರೆ ಅದೇ ದ್ರಾವಣ, ಅದೇ ಫರ್ನೇಸು, ಅದೇ ಗಂಟೆಗಳಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಮಾಡಿದ ಗುಳಿಗೆ ನೂರು ಗಂಟೆಯಲ್ಲಿ ಮಸಿ ಹಿಡಿದು ಸಾಯುತ್ತಿತ್ತು, ಮಾವನದು ಇನ್ನೂರು ದಾಟುತ್ತಿತ್ತು. ಯಾಕೆ ಎಂದು ಜಲಜಾ ಮೇಡಂ ಅವರಿಗೂ ಗೊತ್ತಿರಲಿಲ್ಲ. ಅವರ ಮೂರು ಪೇಪರುಗಳ ಕೊನೆಯಲ್ಲಿ 'ಶ್ರೀ ಮಹಾಲಿಂಗ ಅವರ ನೆರವಿಗೆ ಕೃತಜ್ಞತೆ' ಎಂದು ಸಣ್ಣ ಅಕ್ಷರದಲ್ಲಿ ಇತ್ತು. ಮಾವ ಆ ಮೂರು ಪುಟಗಳನ್ನು ಜೆರಾಕ್ಸ್ ಮಾಡಿಸಿ, ಗೆರೆ ಎಳೆದು ಇಟ್ಟುಕೊಂಡಿದ್ದರು. ನನಗೆ ತೋರಿಸಿದ್ದರು, ತೋರಿಸಿ ನಾಚಿಕೊಂಡಿದ್ದರು.

ತುಂಬಾ ಎಂಬ ಕಡಲ ದಂಡೆಯ ಊರಿನ ಹತ್ತಿರ ಬಾಡಿಗೆ ಮನೆ. ಪಕ್ಕದ ಮನೆಯವರು ರಾಕೆಟ್ ಕೇಂದ್ರದ ಉದ್ಯೋಗಿ. "ಅವ್ರು ಹೈಡ್ರೋಜನ್ ಸುಟ್ಟು ಮೇಲೆ ಕಳಿಸ್ತಾರೆ, ಪೇಪರಿನಲ್ಲಿ ಫೋಟೋ ಬರ್ತದೆ," ಎನ್ನುತ್ತಿದ್ದರು ಮಾವ. "ನಾವು ಮೀನು ಕರಿದ ಎಣ್ಣೆಯಿಂದ ಅದನ್ನೇ ತೆಗೀತೇವೆ, ನಮ್ಮ ಮನೆಗೆ ವಾಸನೆ ಬರ್ತದೆ."

ಮನೆಯಲ್ಲಿ ಹೆಂಡತಿ ಸರೋಜಿನಿ, ಮಗಳು ಶ್ರಾವ್ಯ. ಶ್ರಾವ್ಯ ಹುಟ್ಟಿ ಬೆಳೆದದ್ದು ಅಲ್ಲೇ. ಅಪ್ಪ ಕನ್ನಡದಲ್ಲಿ ಕೇಳುತ್ತಿದ್ದರು, ಅವಳು ಮಲಯಾಳದಲ್ಲಿ ಉತ್ತರಿಸುತ್ತಿದ್ದಳು, ಇಬ್ಬರಿಗೂ ಅದರಲ್ಲಿ ವಿಚಿತ್ರ ಏನೂ ಕಾಣುತ್ತಿರಲಿಲ್ಲ. ಪ್ರಯೋಗಾಲಯದ ಲಾಗ್ ಪುಸ್ತಕದಲ್ಲಿ ಮಾವ ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆದು, ಮನಸ್ಸಿಗೆ ಬಂದದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆಯುತ್ತಿದ್ದರು. 'ಇಂದು ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ, ಒಂದು ಗಂಟೆ ಹೆಚ್ಚು ಒಣಗಿಸಿದ್ದು.' ಇಡೀ ಕಟ್ಟಡದಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ. ನಾನು ಬಂದಮೇಲೆ ಇಬ್ಬರಾದೆವು. ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ ಬಿದ್ದದ್ದು ಆ ಕಾರಣಕ್ಕೆ.

ಇನ್ನು ನನ್ನ ಸಾಧನೆ.

ಏಲೂರಿನ ಪ್ಲಾಂಟಿನಿಂದ ಪ್ರತಿ ಕ್ಯಾನಿನ ಜೊತೆ ಹೋಗುವ ಶೀಟಿನಲ್ಲಿ ನಾನು ಸೇರಿದಾಗ ಮೂವತ್ತೊಂದು ಕಾಲಂ ಇದ್ದವು. ಅಭಿಜಿತ್ ಅದನ್ನು 'ಕ್ಲೀನ್' ಮಾಡಲು ಹೇಳಿದರು. ನಾನು ಮಾಡಿದೆ, ಹದಿನಾಲ್ಕಕ್ಕೆ ಇಳಿಸಿದೆ. ಬಯೋಡೀಸೆಲ್ ಮಾಡುವಾಗ ಗ್ಲಿಸರಿನ್ನಿನಲ್ಲಿ ಕ್ಷಾರ, ಸೋಪು ಸೇರಿಕೊಳ್ಳುತ್ತವೆ. ಅದನ್ನು ಹೊಡೆಯಲು ಆಸಿಡ್ ಹಾಕುತ್ತಾರೆ. ಯಾವ ಆಸಿಡ್ ಎಂಬುದಕ್ಕೆ ಒಂದು ಕಾಲಂ ಇತ್ತು. ಇಪ್ಪತ್ತು ತಿಂಗಳ ಸಾಲುಗಳನ್ನು ನೋಡಿದೆ: ಪ್ರತಿಯೊಂದರಲ್ಲೂ 'ಫಾಸ್ಫಾರಿಕ್'. ಯಾವಾಗಲೂ ಒಂದೇ ಮಾತು ಹೇಳುವ ಕಾಲಂನಲ್ಲಿ ಮಾಹಿತಿ ಏನೂ ಇಲ್ಲ ಎಂದು ನಮ್ಮ ತರಬೇತಿಯಲ್ಲಿ ಕಲಿಸಿದ್ದರು. ಅಳಿಸಿದೆ. ಅಭಿಜಿತ್ ಗ್ರೂಪಿನಲ್ಲಿ ಹೆಬ್ಬೆರಳು ಹಾಕಿದರು. ಆ ಹೆಬ್ಬೆರಳಿನ ಸ್ಕ್ರೀನ್‌ಶಾಟ್ ಇಂದಿಗೂ ನನ್ನ ಫೋನಿನಲ್ಲಿದೆ.

ಆ ಸೆಪ್ಟೆಂಬರಿಗೆ ಕೊನೆಯ ಪರೀಕ್ಷೆ ನಿಗದಿಯಾಯಿತು. ಮಾವ ಮಾಡಿದ ಒಂದೇ ಬ್ಯಾಚಿನ ಗುಳಿಗೆ, ನಮ್ಮ ಆರು ಕ್ಯಾನ್ ಗ್ಲಿಸರಿನ್, ಐನೂರು ಗಂಟೆ ನಿಲ್ಲಿಸದೆ ಓಡಬೇಕು. ಹೈಡ್ರೋಜನ್ನಿನ ಅಂಕಿ ಕೊನೆಯವರೆಗೆ ಇಳಿಯದಿದ್ದರೆ ದೊಡ್ಡ ಘಟಕಕ್ಕೆ ಮಂಜೂರಾತಿ. ಇಳಿದರೆ ಮೂವತ್ತನೇ ತಾರೀಕಿಗೆ ಯೋಜನೆ ಮುಕ್ತಾಯ. ಮಾವನಿಗೆ ಜನವರಿ ಕೊನೆಗೆ ನಿವೃತ್ತಿ. "ಈ ಐನೂರು ಆಗ್ಲಿ," ಎಂದಿದ್ದರು ನನಗೆ. "ಮತ್ತೆ ಯಾರಾದ್ರೂ 'ಮೂವತ್ತೈದು ವರ್ಷ ಅಲ್ಲಿ ಎಂತ ಮಾಡಿದೆ' ಅಂತ ಕೇಳಿದ್ರೆ ಒಂದು ಅಂಕಿ ಹೇಳ್ಲಿಕ್ಕೆ ಉಂಟು ನಂಗೆ."

ಒಂಬತ್ತನೇ ತಾರೀಕು ಬೆಳಗ್ಗೆ ಹತ್ತಕ್ಕೆ ಶುರು. ಮೂರು ಪಾಳಿ. ಓಣಂ ಹಬ್ಬದ ತಿರುವೋಣದ ದಿನವೂ ನಿಲ್ಲಿಸುವ ಹಾಗಿಲ್ಲವೆಂದು ಸರೋಜಿನಿ ಅತ್ತೆ ಓಣಸದ್ಯದ ಹಬ್ಬದೂಟವನ್ನು ಪ್ರಯೋಗಾಲಯಕ್ಕೇ ತಂದರು. ಕೊಳವೆಯ ಪಕ್ಕದ ಮೇಜಿನ ಮೇಲೆ ಎಲೆ ಹಾಸಿ ಜಲಜಾ ಮೇಡಂ, ಇಬ್ಬರು ವಿದ್ಯಾರ್ಥಿಗಳು, ರಜೆಗೆ ಊರಿಗೆ ಹೋಗದೆ ಅಲ್ಲಿ ಹಾಜರಾಗಿದ್ದ ನಾನು, ಎಲ್ಲ ಊಟಕ್ಕೆ ಕೂತೆವು. ಅತ್ತೆಗೆ ಆಗಷ್ಟೆ ಕಣ್ಣಿನ ಆಪರೇಷನ್ ಆಗಿತ್ತು; ಕಪ್ಪು ಕನ್ನಡಕ ಹಾಕಿಕೊಂಡೇ ಬಡಿಸಿದರು.

"ನೋಡಿ, ಪಾಯಸ ಎಲೆಯ ಹೊರಗೆ ಹೋಗ್ತಾ ಉಂಟು," ಮಾವ ಛೇಡಿಸಿದರು.

"ಹೋಗ್ಲಿ. ನಿಮ್ಮ ಗುಳಿಗೆಗೂ ಸ್ವಲ್ಪ ಬೀಳ್ಲಿ. ಓಣ ಅಲ್ವ ಅದಕ್ಕೂ?" ಅತ್ತೆ ಬಿಟ್ಟುಕೊಡಲಿಲ್ಲ.

ಗಂಟೆ ನೂರನಲವತ್ತನಾಲ್ಕು. ಅಂಕಿ ಒಂದಿಷ್ಟೂ ಅಲುಗಿರಲಿಲ್ಲ. ಇನ್ನೂರು ದಾಟಿತು. ಮುನ್ನೂರು ದಾಟಿತು. ಮುನ್ನೂರಾದ ದಿನ ಮಾವ ನನಗೆ ಫೋನ್ ಮಾಡಿ ಏನೂ ಹೇಳದೆ ಬರೀ ನಕ್ಕು ಇಟ್ಟರು.

ಇಪ್ಪತ್ತನಾಲ್ಕರ ಮಧ್ಯಾಹ್ನ ಐದನೇ ಕ್ಯಾನ್ ತೆರೆದರು. ಮರುದಿನ ಅಂಕಿ ಇಳಿಯತೊಡಗಿತು. ಇಪ್ಪತ್ತಾರರ ಮಧ್ಯಾಹ್ನ ಎರಡು ಗಂಟೆಗೆ, ಅಂದರೆ ನಾನೂರ ಹನ್ನೆರಡನೇ ಗಂಟೆಗೆ, ಅದು ಅರ್ಧಕ್ಕೆ ಬಂದಿತ್ತು. ಮಾವನ ಫೋನ್ ಬಂತು. ನಾನು ಕ್ಯಾಂಟೀನಿನಲ್ಲಿ ಪೊರೊಟ್ಟ ಹರಿಯುತ್ತಿದ್ದೆ.

"ವಿಲ್ಸಾ, ಆ ಐದನೇ ಕ್ಯಾನಿನಲ್ಲಿ ಎಂತಾದ್ರೂ ಬೇರೆ ಉಂಟಾ? ವಾಸನೆಯಲ್ಲಿ ವ್ಯತ್ಯಾಸ ಇಲ್ಲ. ಆದ್ರೂ ಒಮ್ಮೆ ನೋಡು ಮಾರಾಯ."

ಫೋನಿನಲ್ಲೇ ಶೀಟು ತೆರೆದೆ. ಹದಿನಾಲ್ಕು ಕಾಲಂ. ಹದಿನಾಲ್ಕೂ ನಾಲ್ಕನೇ ಕ್ಯಾನಿನ ಹಾಗೇ ಇದ್ದವು. "ಇಲ್ಲ ಮಾವ, ಎಲ್ಲ ಅದೇ," ಎಂದೆ. ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟೆನೆಂದು ಹೆಮ್ಮೆಯೂ ಆಯಿತು. ಉಳಿದ ಪೊರೊಟ್ಟ ತಿಂದೆ.

ಸಂಜೆ ಕೊಳವೆ ಆರಿಸಿದರು. ಗುಳಿಗೆಗಳ ಮೇಲೆ ಮಸಿ ಕೂತಿತ್ತು. ಸರಿಯಾಗಿ ಪರೀಕ್ಷಿಸುವ ಯಂತ್ರ ರಿಪೇರಿಗೆ ಹೋಗಿತ್ತು, ಅದು ಬರುವಷ್ಟರಲ್ಲಿ ಯೋಜನೆಯೇ ಮುಗಿದಿತ್ತು. ಜಲಜಾ ಮೇಡಂ ವರದಿಯಲ್ಲಿ 'ಕ್ರಿಯಾವರ್ಧಕದ ಬ್ಯಾಚಿನಲ್ಲಿ ಏಕರೂಪತೆಯ ಕೊರತೆ ಇದ್ದಿರಬಹುದು' ಎಂದು ಬರೆದರು. ಮಾವನ ಹೆಸರು ಹಾಕಲಿಲ್ಲ. ಬ್ಯಾಚು ಮಾಡುವವರು ಅಲ್ಲಿ ಇನ್ನೊಬ್ಬರು ಇರಲಿಲ್ಲ.

ಅಕ್ಟೋಬರಿನಲ್ಲಿ ಲಾಗ್ ಪುಸ್ತಕ ಟೈಪು ಮಾಡಲು ಕೂತೆ. ನಾನೂರ ಹನ್ನೆರಡನೇ ಗಂಟೆಯ ಸಾಲಿನ ಪಕ್ಕ ಪೆನ್ಸಿಲ್ ಇರಲಿಲ್ಲ, ಪೆನ್ನಿತ್ತು.

'ಆಗಸ್ಟ್ ೧೨ರಂದು ಗುಳಿಗೆ ಸುಡುವಾಗ ಸರೋಜಿನಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಫರ್ನೇಸ್ ಬಿಟ್ಟು ಹೋದೆ. ನಡುವೆ ಕರೆಂಟು ಹೋಗಿ ಬಂದಿದೆ. ಎಷ್ಟು ಹೊತ್ತು ಎಂದು ತಿಳಿಯದು. ಹಿಂದೆಂದೂ ಬಿಟ್ಟು ಹೋದವನಲ್ಲ. ತಪ್ಪು ನನ್ನದು.'

ಅದನ್ನು ನಾನು ಟೈಪು ಮಾಡಲಿಲ್ಲ. ಅಂಚಿನ ಟಿಪ್ಪಣಿಗೆ ನನ್ನ ಹೊಸ ನಮೂನೆಯಲ್ಲಿ ಕಾಲಂ ಇರಲಿಲ್ಲ. ಪಾಪ ಎನ್ನಿಸಿತು, ಪುಟ ತಿರುಗಿಸಿದೆ.

ಡಿಸೆಂಬರಿನಲ್ಲಿ ಸ್ಟಾಕ್ ನೋಡಲು ಏಲೂರಿಗೆ ಹೋಗಿದ್ದೆ. ಪ್ಲಾಂಟಿನ ಸೂಪರ್‌ವೈಸರ್ ವಿನ್ಸೆಂಟ್ ಮಂಗಳೂರಿನ ಕಡೆಯವರು, ಮಾತಿಗೆ ಸಿಕ್ಕರೆ ಬಿಡುವವರಲ್ಲ. ಆಸಿಡ್ಡಿನ ಖಾಲಿ ಕ್ಯಾನುಗಳ ರಾಶಿಯಲ್ಲಿ ಬೇರೆ ಬಣ್ಣದ ಮುಚ್ಚಳದವು ಕೆಲವು ಕಂಡವು. ಇವೇನು ಎಂದೆ.

"ಅದಾ? ಸಲ್ಫ್ಯೂರಿಕ್. ಆಗಸ್ಟಿನಲ್ಲಿ ಫಾಸ್ಫಾರಿಕ್ ಸ್ಟಾಕೇ ಇಲ್ಲ. ಎರಡು ವಾರ ಇದರಲ್ಲೇ ದೂಡಿದ್ದು. ಡೀಸೆಲಿಗೆ ಎಂತ ವ್ಯತ್ಯಾಸ ಇಲ್ಲ."

"ಗ್ಲಿಸರಿನ್ನಿಗೆ?"

"ಗ್ಲಿಸರಿನ್ ಯಾರಿಗೆ ಬೇಕು ಮಾರ್ರೆ?" ಎಂದು ನಕ್ಕವರು ನನ್ನ ಮುಖ ನೋಡಿ ನಿಲ್ಲಿಸಿದರು. "ಓ, ಆ ತಿರುವನಂತಪುರಕ್ಕೆ ಹೋದದ್ದಾ? ಕೊನೇ ಎರಡು ಕ್ಯಾನ್ ಆ ವಾರದ್ದೇ. ನಾನು ಬರೀಲಿಕ್ಕೆ ಹೋದೆ. ಎಲ್ಲಿ ಬರೆಯುದು? ನಿಮ್ಮ ಫಾರಂನಲ್ಲಿ ಜಾಗ ಎಲ್ಲುಂಟು? ಮೊದಲು ಇತ್ತು. ನೀವೇ ಅಲ್ವಾ ತೆಗೆದದ್ದು?"

ಸಲ್ಫ್ಯೂರಿಕ್‌ನಲ್ಲಿರುವ ಗಂಧಕ ನಿಕ್ಕಲ್ಲಿಗೆ ವಿಷ. ಇದನ್ನು ನಾನು ಬಸ್ಸಿನಲ್ಲಿ ವಾಪಸು ಬರುವಾಗ ಫೋನಿನಲ್ಲಿ ಹುಡುಕಿ ಓದಿದೆ. ಕೆಲವೇ ಕಣಗಳು ಸಾಕಂತೆ. ಗುಳಿಗೆ ಮೊದಲು ಸೋಲುತ್ತದೆ, ಆಮೇಲೆ ಮಸಿ ಹಿಡಿಯುತ್ತದೆ. ಸಲ್ಫ್ಯೂರಿಕ್ ಬಿಟ್ಟುಹೋಗುವ ಉಪ್ಪಿಗೆ ವಾಸನೆಯಿಲ್ಲ. ಮಾವನ ಮೂಗಿಗೆ ಅದು ಸಿಗುವ ಹಾಗಿರಲಿಲ್ಲ. ಸಿಗಬೇಕಾಗಿದ್ದದ್ದು ನನ್ನ ಶೀಟಿನಲ್ಲಿ.

ಅಂದೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನನ್ನ ಕಾರಣಗಳ ಪಟ್ಟಿ ಚೆನ್ನಾಗಿತ್ತು: ಮಾರ್ಚಿಯಲ್ಲಿ ಅಪ್ರೈಸಲ್, ಯೋಜನೆ ಹೇಗೂ ಮುಗಿದಿದೆ, ಫೋನಿನಲ್ಲಿ ಹೇಳುವ ವಿಷಯವಲ್ಲ, ಮುಖತಃ ಹೇಳುವುದೇ ಗೌರವ. ಈ ಕೊನೆಯದನ್ನು ನಾನೇ ನಂಬಿಬಿಟ್ಟೆ. ಜನವರಿ ಮೂವತ್ತೊಂದಕ್ಕೆ ಅವರ ಬೀಳ್ಕೊಡುಗೆ, ಅಲ್ಲಿ ಹೇಳುತ್ತೇನೆ ಎಂದು ದಿನ ಗೊತ್ತುಮಾಡಿಕೊಂಡೆ. ಎರ್ನಾಕುಲಂನಿಂದ ರೈಲಿನಲ್ಲಿ ನಾಲ್ಕು ಗಂಟೆ ಕೂತು ವಾಕ್ಯಗಳನ್ನು ಕಟ್ಟಿದೆ.

ಸಮಾರಂಭದಲ್ಲಿ ನನ್ನನ್ನೂ ಎರಡು ಮಾತಾಡಲು ಕರೆದರು. 'ಮಹಾಲಿಂಗ ಅವರ ಮೂಗು ನಮ್ಮ ಸಾಫ್ಟ್‌ವೇರಿಗಿಂತ ದೊಡ್ಡದು' ಎಂದೆ. ಜನ ನಕ್ಕರು. ಮಾವನೂ ನಕ್ಕರು, ಶಾಲು ಸರಿಮಾಡಿಕೊಂಡರು.

ಆಮೇಲೆ ಇಬ್ಬರೂ ಅವರ ಮನೆಯ ಹತ್ತಿರದ ಕಡಲ ದಂಡೆಗೆ ನಡೆದೆವು. ಇನ್ನೂ ಬೆಳಕಿತ್ತು. ಬೆಸ್ತರು ಬಲೆ ಬಿಡಿಸುತ್ತಿದ್ದರು. ಒಂದು ಕಾಲೇಜಿನವರು ಬಂದಿದ್ದರಂತೆ. ವಾರಕ್ಕೆರಡು ದಿನ ಬಂದು ವಿದ್ಯಾರ್ಥಿಗಳಿಗೆ ಗುಳಿಗೆ ಮಾಡುವುದು ತೋರಿಸಿಕೊಡಿ ಎಂದರಂತೆ.

"ಒಳ್ಳೇದಲ್ವಾ ಮಾವ. ಯಾವಾಗಿಂದ?"

"ಬರುದಿಲ್ಲ ಅಂದೆ."

"ಯಾಕೆ?"

ಅವರು ತಮ್ಮ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡರು, ಯಾರದ್ದೋ ವಸ್ತುವನ್ನು ನೋಡುವ ಹಾಗೆ. "ಕೈ ಹೋಯ್ತು ಮಾರಾಯ. ನಂಬಿಕೆ ಇಲ್ಲದ ಕೈಯಿಂದ ಮಕ್ಕಳಿಗೆ ಎಂತ ಕಲಿಸುದು?" ಕೈ ಇಳಿಸಿ ಕೇಳಿದರು: "ಒಂದು ವಿಷಯ ಮತ್ತೆ ಕೇಳ್ತೇನೆ, ಬೇಜಾರು ಮಾಡ್ಬೇಡ. ಆ ಐದನೇ ಕ್ಯಾನು. ನಿಮ್ಮ ಕಡೆ ಎಂತದೂ ಬದಲಾಗಿರ್ಲಿಲ್ಲ ಅಲ್ವ?"

ನಾಲ್ಕು ಗಂಟೆ ಕಟ್ಟಿದ ವಾಕ್ಯಗಳು ನನ್ನಲ್ಲಿದ್ದವು. ಅವರು ಬಾಗಿಲನ್ನೂ ತೆರೆದುಕೊಟ್ಟಿದ್ದರು.

"ಇಲ್ಲ ಮಾವ," ಎಂದೆ. "ಎಲ್ಲ ಅದೇ."

"ಹೌದಲ್ಲ. ಹಾಗಾದ್ರೆ ಸರಿ," ಎಂದರು. ನನಗೆ ಕಡಲೆ ಕೊಡಿಸಿದರು. ಸ್ಟೇಷನ್ನಿಗೆ ಆಟೋ ಹಿಡಿದುಕೊಟ್ಟರು.

ಮಾರ್ಚಿಯಲ್ಲಿ ಅಪ್ರೈಸಲ್ ಆಯಿತು. ಚೆನ್ನಾಗಿಯೇ ಆಯಿತು. ಏಪ್ರಿಲಿನಲ್ಲಿ ಹೇಳೋಣ ಎಂದುಕೊಂಡೆ. ಮೇ ಹತ್ತೊಂಬತ್ತಕ್ಕೆ ಶ್ರಾವ್ಯಳ ಮೆಸೇಜು ಬಂತು, ಇಂಗ್ಲಿಷಿನಲ್ಲಿ, ಎರಡು ಸಾಲು. ಬೆಳಗ್ಗೆ ಗಿಡಗಳಿಗೆ ನೀರು ಹಾಕುತ್ತಿದ್ದವರು ಕುಸಿದುಬಿದ್ದರು. ಆಸ್ಪತ್ರೆ ತಲುಪಲಿಲ್ಲ.

ಅಂತ್ಯಕ್ರಿಯೆಗೆ ನಾನು ಹೋಗಲಿಲ್ಲ. ಆಡಿಟ್ ಇದೆ ಎಂದು ಮೆಸೇಜು ಕಳಿಸಿದೆ. ಆಡಿಟ್ ಇರಲಿಲ್ಲ.

ಹೋದದ್ದು ಜೂನಿನಲ್ಲಿ, ಕ್ರಿಯಾಕರ್ಮಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಬೆಳಗ್ಗೆ. ಮಳೆ ಬಿಟ್ಟಿತ್ತು. ಸರೋಜಿನಿ ಅತ್ತೆ ಕನ್ನಡಕ ಹಾಕಿ ಬಾಗಿಲು ತೆರೆದರು. "ಬಾ ವಿಲ್ಸಾ. ನೀನು ಬರ್ತಿ ಅಂತ ಅವ್ರು ಹೇಳ್ತಾ ಇದ್ರು." ಚಹಾ ಇಟ್ಟರು, ತಿಂಡಿ ತಟ್ಟೆ ಇಟ್ಟರು. ಶ್ರಾವ್ಯ ಒಳಗಿನ ಬಾಗಿಲಿಗೆ ಒರಗಿ ನಿಂತಳು.

ಚಹಾ ಕುಡಿದ ಮೇಲೆ ಹೇಳುವುದು ಸುಲಭವೆನ್ನಿಸಿತು. ಹಾಗೆನ್ನಿಸಿದ್ದಕ್ಕೇ ಕುಡಿಯದೆ ಹೇಳಿದೆ. ಆಸಿಡ್, ಕ್ಯಾನು, ಕಾಲಂ, ವಿನ್ಸೆಂಟ್, ಎಲ್ಲ. ನಡುವೆ ಎಲ್ಲೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರುವಾಗುತ್ತದೆಂಬ ಧೈರ್ಯವಿರಲಿಲ್ಲ.

ಅತ್ತೆ ತಿಂಡಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಅಂದ್ರೆ ಫರ್ನೇಸಿನಿಂದ ಆದದ್ದಲ್ಲ?"

"ಅಲ್ಲ ಅತ್ತೆ. ಫರ್ನೇಸಿನಿಂದ ಆಗಿದ್ರೆ ಮೊದಲನೇ ವಾರವೇ ಗೊತ್ತಾಗ್ತಿತ್ತು. ನಾಲ್ಕು ಕ್ಯಾನ್ ಸರಿಯಾಗೇ ಓಡಿತ್ತು."

"ನನ್ನ ಕಣ್ಣು," ಎಂದರು ಅವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವತ್ತು ಆಸ್ಪತ್ರೆಗೆ ಅವ್ರು ಬರುದಿಲ್ಲ ಅಂದ್ರು, ಫರ್ನೇಸಿನ ಕೆಲಸ ಉಂಟು ಅಂದ್ರು. ನಾನೇ ಹಟ ಮಾಡಿದ್ದು. ಒಬ್ಬಳೇ ಹೋಗ್ಲಿಕ್ಕೆ ಹೆದ್ರಿಕೆ ಅಂತ. ಮತ್ತೆ ಅವ್ರು ಒಂದು ದಿನ ಕೂಡ ನನ್ನ ಹತ್ರ ಆ ಮಾತು ಎತ್ತಲಿಲ್ಲ. ಎತ್ತಿದ್ರೆ ನಾನು ಜಗಳ ಮಾಡ್ತಿದ್ದೆ. ಎತ್ತದೇ ಇದ್ದಾಗ ಗೊತ್ತಾಯ್ತು ನಂಗೆ. ಈ ಕಣ್ಣಿಂದ ಅವ್ರ ಮುಖ ಸರಿಯಾಗಿ ಕಾಣ್ಲಿಕ್ಕೆ ಶುರುವಾದದ್ದೇ ಆಗ. ದಿನಾ ಕಾಣ್ತಿತ್ತು."

ಕನ್ನಡಕವನ್ನು ಅಲ್ಲೇ ಬಿಟ್ಟು ಅವರು ನನ್ನ ಕಡೆ ತಿರುಗಿದರು.

"ನಿಂಗೆ ಯಾವಾಗ ಗೊತ್ತಾದ್ದು?"

"ಡಿಸೆಂಬರ್."

"ಅವ್ರು ಕೇಳಿದ್ರಾ ನಿನ್ನ ಹತ್ರ?"

"ಕೇಳಿದ್ರು. ನಿವೃತ್ತಿ ದಿನ. ಬೀಚಲ್ಲಿ."

"ನೀನು?"

"ಇಲ್ಲ ಅಂದೆ."

ಬಾಗಿಲ ಹತ್ತಿರದಿಂದ ಶ್ರಾವ್ಯ ಮಲಯಾಳದಲ್ಲಿ ಕೇಳಿದಳು, ಸಿಟ್ಟಿಲ್ಲದೆ, ಲೆಕ್ಕ ತಿಳಿಯದ ಮಗುವಿನ ಹಾಗೆ: "ಅಪ್ಪೋ ಇನಿ ಅಚ್ಛನೋಡ್ ಆರಾ ಪರಯ್ಯ?" ಹಾಗಾದರೆ ಇನ್ನು ಅಪ್ಪನಿಗೆ ಯಾರು ಹೇಳುವುದು?

ನನ್ನ ಮಲಯಾಳ ಬಸ್ಸು, ಊಟ, ಚಿಲ್ಲರೆಗೆ ಸಾಲುತ್ತದೆ. ಆದರೂ ಇದು ಪೂರ್ತಿ ಅರ್ಥವಾಯಿತು.

ಅತ್ತೆ ಎದ್ದು ಒಳಗೆ ಹೋಗಿ ಒಂದು ಕಾಗದ, ಪೆನ್ನು ತಂದರು. "ಆ ಜಲಜಾ ಮೇಡಂಗೆ ಬರಿ. ಇಲ್ಲಿಯೇ, ಈಗಲೇ. ಬರೆದು ನಂಗೆ ಓದಿ ಹೇಳು."

ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಓದಿ ಹೇಳಿದೆ: ಐದನೇ ಮತ್ತು ಆರನೇ ಕ್ಯಾನಿನಲ್ಲಿ ಬೇರೆ ಆಸಿಡ್ ಬಳಕೆಯಾಗಿತ್ತು; ಶೀಟಿನಿಂದ ಆ ಕಾಲಂ ತೆಗೆಯಲ್ಪಟ್ಟಿದ್ದರಿಂದ ಅದು ತಿಳಿಯಲಿಲ್ಲ; ಗುಳಿಗೆಯಲ್ಲಿ ದೋಷವಿರಲಿಲ್ಲ.

"ಯಾರು ತೆಗೆದದ್ದು?"

ಹೊಡೆದುಹಾಕಿ, 'ನಾನು ತೆಗೆದೆ' ಎಂದು ಬರೆದೆ.

"ಡಿಸೆಂಬರಿನಲ್ಲಿ ಗೊತ್ತಾದದ್ದು ಹಾಕಿದ್ಯಾ?"

ಹಾಕಿದೆ.

"ಅವ್ರು ಕೇಳಿದ್ದು?"

ಪೆನ್ನು ಹಿಡಿದು ಕೂತೆ. ಹೊರಗೆ ಮೀನಿನವನ ಸ್ಕೂಟರು ಹಾರನ್ ಹೊಡೆಯುತ್ತ ಹೋಯಿತು. ಅತ್ತೆ ಅವಸರ ಮಾಡಲಿಲ್ಲ. 'ಶ್ರೀ ಮಹಾಲಿಂಗ ಅವರು ನನ್ನನ್ನು ನೇರವಾಗಿ ಕೇಳಿದರು. ನಾನು ಸುಳ್ಳು ಹೇಳಿದೆ' ಎಂದು ಬರೆದು, ಓದಿ ಹೇಳಿದೆ.

"ಸಹಿ ಹಾಕು," ಎಂದರು. ಶ್ರಾವ್ಯ ಬಂದು ಕಾಗದದ ಫೋಟೋ ತೆಗೆದುಕೊಂಡಳು. ನನ್ನ ಚಹಾದ ಲೋಟ ತುಂಬಿಯೇ ಇತ್ತು, ಅತ್ತೆ ಅದನ್ನು ಎತ್ತಿಕೊಂಡು ಒಳಗೆ ಹೋದರು.

ಸೋಮವಾರ ಅದನ್ನೇ ಅಭಿಜಿತ್ ಅವರಿಗೂ ಕಳಿಸಿದೆ. ಅವರು ನನ್ನನ್ನು ಕರೆದು, ಲೀಗಲ್‌ನವರಿಗೆ ತೋರಿಸದೆ ಹೀಗೆಲ್ಲ ಬರೆಯಬಾರದೆಂದು ಬುದ್ಧಿ ಹೇಳಿದರು. ಆಸಿಡ್ಡಿನ ಕಾಲಂ ವಾಪಸು ಬಂತು. ನನ್ನ ಕೆಲಸ ಹೋಗಲಿಲ್ಲ. ಹೋಗಿದ್ದರೆ ಅದನ್ನೇ ಶಿಕ್ಷೆ ಎಂದುಕೊಂಡು ಒಂದಿಷ್ಟು ನೆಮ್ಮದಿ ಪಡುತ್ತಿದ್ದೆನೋ ಏನೋ.

ಜಲಜಾ ಮೇಡಂ ಅವರ ಉತ್ತರ ಮೂರು ವಾರದ ಮೇಲೆ ಬಂತು. 'ವರದಿಗೆ ತಿದ್ದುಪಡಿ ಸೇರಿಸಿದ್ದೇನೆ, ಮಹಾಲಿಂಗ ಅವರ ಬ್ಯಾಚು ನಿರ್ದೋಷ ಎಂದು ಅವರ ಹೆಸರು ಹಾಕಿಯೇ ದಾಖಲಿಸಿದ್ದೇನೆ. ಮತ್ತೆ ಓಡಿಸಿ ನೋಡುವ ಆಸೆ ಇದೆ, ಆದರೆ ಕೊಳವೆಯನ್ನು ಬಿಚ್ಚಿ ಬೇರೆ ಯೋಜನೆಗೆ ಕೊಟ್ಟಾಗಿದೆ. ಹಾಗೆ ಗುಳಿಗೆ ಮಾಡುವವರೂ ಈಗ ನಮ್ಮಲ್ಲಿಲ್ಲ.'

ಸರೋಜಿನಿ ಅತ್ತೆಗೆ ಫೋನ್ ಮಾಡಿ ಓದಿ ಹೇಳಿದೆ. 'ನಿರ್ದೋಷ' ಎಂಬಲ್ಲಿ ಇನ್ನೊಮ್ಮೆ ಓದು ಎಂದರು. ಓದಿದೆ.

"ಶ್ರಾವ್ಯನಿಗೆ ಅದರ ಒಂದು ಕಾಪಿ ಕಳಿಸು," ಎಂದರು. "ಮತ್ತೆ ನೀನು ಫೋನ್ ಮಾಡುದು ಬೇಡ ವಿಲ್ಸಾ. ಸಿಟ್ಟಿಂದ ಹೇಳುದಲ್ಲ. ನಿನ್ನ ಸ್ವರ ಕೇಳಿದ್ರೆ, ಅವ್ರು ನಿನ್ನ ಹತ್ರ ಫೋನಲ್ಲಿ ಮಾತಾಡ್ತಾ ನಗಾಡುದು ಕೇಳ್ತದೆ ನಂಗೆ."

ಕಾಪಿ ಕಳಿಸಿದೆ. ಫೋನ್ ಮಾಡಿಲ್ಲ.